ಹುಲ್ಲಿಗೆ ಒಗ್ಗಿದ ದನ: ಲ್ಯಾಸಟರ್ ಹಿಂಡಿನ ಪ್ರಕರಣ

ನಮ್ಮ ದನದ ಜಾತ್ರೆಗಳಲ್ಲಿ ರಾಸು ಕೊಳ್ಳುವವರು ಬಾಯಿ ಬಿಡಿಸಿ ಹಲ್ಲು ನೋಡುತ್ತಾರೆ. ಆಮೇಲೆ ಸುಳಿ, ಕೊಂಬು, ಬಣ್ಣ, ನಡಿಗೆ. ಅಮೆರಿಕದ ಪ್ರದರ್ಶನಗಳಲ್ಲೂ ಹೆಚ್ಚುಕಮ್ಮಿ ಇದೇ ಕಥೆ. ಅಲ್ಲಿ ಸುಳಿ ನೋಡುವುದಿಲ್ಲ ಅಷ್ಟೇ. ಬೆನ್ನು ನೇರ ಇದೆಯಾ, ಮೈಬಣ್ಣ ತಳಿಗೆ ತಕ್ಕಂತಿದೆಯಾ, ಅಪ್ಪ ಯಾರು ಅಂತ ಕೇಳುತ್ತಾರೆ. ಟಾಮ್ ಲ್ಯಾಸಟರ್ ಎಂಬ ಟೆಕ್ಸಸ್ಸಿನ ದನಗಾರರು ಈ ಪ್ರಶ್ನೆಗಳನ್ನೆಲ್ಲ ಬದಿಗಿಟ್ಟರು. ಅವರು ಪ್ರತಿ ಹಸುವಿಗೂ ಪ್ರತಿ ವರ್ಷ ಕೇಳಿದ್ದು ಒಂದೇ: ಬಯಲಿನ ಹುಲ್ಲು ಮೇಯ್ದು, ಯಾರ ಕೈ ಆಸರೆಯೂ ಇಲ್ಲದೆ, ಈ ವರ್ಷ ಒಂದು ಒಳ್ಳೆ ಕರು ಬೆಳೆಸಿ ಕೊಟ್ಟೆಯಾ?

ಹೌದು ಅಂದ ಹಸು ಉಳಿಯಿತು. ಇಲ್ಲ ಅಂದದ್ದು ಮಾರಾಟಕ್ಕೆ ಹೋಯಿತು. ಹಾಗೆ ಉಳಿದ ಹಸುಗಳಿಂದ ಬೀಫ್‌ಮಾಸ್ಟರ್ ಎಂಬ ಹೊಸ ತಳಿಯೇ ಹುಟ್ಟಿತು. ಹುಲ್ಲಿನ ಮೇಲೆ ಬದುಕುವ ಮಾಂಸದ ದನಕ್ಕೆ ತಾಯಿ ಹಿಂಡನ್ನು ಆರಿಸುವುದು ಹೇಗೆ ಎಂಬುದಕ್ಕೆ ಇಷ್ಟು ಸ್ಪಷ್ಟವಾದ ಪ್ರಕರಣ ಸಿಗುವುದು ಕಷ್ಟ. ಹಾಗಂತ ಎಲ್ಲವನ್ನೂ ಒಪ್ಪಿಕೊಳ್ಳಬೇಕಿಲ್ಲ. ತಕರಾರುಗಳನ್ನೂ ಮುಂದೆ ಹೇಳುತ್ತೇನೆ.

ಹಿಂಡು ಎಲ್ಲಿಂದ ಬಂತು

ದಕ್ಷಿಣ ಟೆಕ್ಸಸ್ಸಿನ ಫ್ಯಾಲ್ಫ್ಯೂರಿಯಸ್ ಊರಿನ ಸುತ್ತ ಮುಳ್ಳುಪೊದೆ, ಮರಳು ನೆಲ, ಸುಡುಬಿಸಿಲು. ಜೊತೆಗೆ ರಕ್ತ ಹೀರುವ ಉಣ್ಣೆಹುಳದ ಕಾಟ. ಅಲ್ಲಿ ಟಾಮ್ ಅವರ ತಂದೆ ಎಡ್ ಲ್ಯಾಸಟರ್ ದೊಡ್ಡ ರಾಂಚ್, ಅಂದರೆ ದನ ಮೇಯಿಸುವ ವಿಶಾಲ ಜಮೀನು, ಕಟ್ಟಿದ್ದರು. ಹಿಂಡಿನಲ್ಲಿ ಇದ್ದದ್ದು ಇಂಗ್ಲೆಂಡ್ ಮೂಲದ ಹೆರ್‌ಫರ್ಡ್ ಮತ್ತು ಶಾರ್ಟ್‌ಹಾರ್ನ್ ದನ. ತಣ್ಣನೆ ದೇಶದ ಈ ದನಗಳಿಗೆ ಟೆಕ್ಸಸ್ಸಿನ ಬೇಸಿಗೆ ಹಿಡಿಸುತ್ತಿರಲಿಲ್ಲ. ಬಿಳಿ ಮುಖದ ಹೆರ್‌ಫರ್ಡಿಗಂತೂ ಬಿಸಿಲಿನಿಂದ ಕಣ್ಣಿನ ಕ್ಯಾನ್ಸರ್ ಬರುವುದು ಮಾಮೂಲಿ ತೊಂದರೆ.

1908ರ ಸುಮಾರಿಗೆ ಎಡ್ ಅವರು ಈ ಹಸುಗಳ ಮೇಲೆ ಬ್ರಾಹ್ಮನ್ ಹೋರಿ ಬಿಡಲು ಶುರು ಮಾಡಿದರು. ಬ್ರಾಹ್ಮನ್ ಅಂದರೆ ಬೇರೆ ಯಾವುದೂ ಅಲ್ಲ, ನಮ್ಮ ಹಿಣಿಲಿನ ದನವೇ. ಗುಜರಾತಿನ ಕಾಂಕ್ರೇಜ್ ಮತ್ತು ಗಿರ್, ಆಂಧ್ರದ ಒಂಗೋಲ್ ಸೇರಿ ಅಮೆರಿಕದಲ್ಲಿ ಆದ ತಳಿ ಅದು. ಅದರಲ್ಲಿ ಸ್ವಲ್ಪ ಮಟ್ಟಿಗೆ ನಮ್ಮ ಕೃಷ್ಣಾ ವ್ಯಾಲಿ ದನದ ರಕ್ತವೂ ಸೇರಿದೆ. ಕೃಷ್ಣಾ ವ್ಯಾಲಿಯನ್ನು 19ನೇ ಶತಮಾನದ ದ್ವಿತೀಯಾರ್ಧದಲ್ಲಿ ಸಾಂಗ್ಲಿ ಮೊದಲಾದ ದಕ್ಷಿಣ ಮರಾಠ ಸಂಸ್ಥಾನಗಳ ರಾಜರು ಎರೆಹೊಲದ ಉಳುಮೆಗಾಗಿ ಬೆಳೆಸಿದ್ದರು. ಬೆಳಗಾವಿ, ಬಾಗಲಕೋಟೆ, ವಿಜಯಪುರದ ಕಡೆ ಈಗ ಕೆಲವೇ ಮನೆಗಳಲ್ಲಿ ಅದು ಉಳಿದಿದೆ. ಅದರ ರಕ್ತ ಸಮುದ್ರ ದಾಟಿ ಇನ್ನೊಂದು ತಳಿಯೊಳಗೆ ಸೇರಿಹೋಗಿದೆ ಎಂಬುದು ನಮ್ಮವರಲ್ಲಿ ಎಷ್ಟೋ ಜನಕ್ಕೆ ಗೊತ್ತಿಲ್ಲ.

1930ರಲ್ಲಿ ಎಡ್ ತೀರಿಕೊಂಡರು. ಅಮೆರಿಕಕ್ಕೆ ಆಗಷ್ಟೇ ಮಹಾ ಆರ್ಥಿಕ ಕುಸಿತ ಬಡಿದಿತ್ತು. ದನಕ್ಕೆ ಬೆಲೆ ಇರಲಿಲ್ಲ. ಕಾಲೇಜು ಬಿಟ್ಟು ಬಂದ ಟಾಮ್ ಕೈಗೆ ಸಿಕ್ಕಿದ್ದು ಸಾಲದ ಹೊರೆ ಮತ್ತು ಬೆರಕೆ ಹಿಂಡು. 1931ರಿಂದ ಅವರು ಬ್ರಾಹ್ಮನ್, ಹೆರ್‌ಫರ್ಡ್, ಶಾರ್ಟ್‌ಹಾರ್ನ್ ಮೂರನ್ನೂ ಒಂದರೊಳಗೊಂದು ಬೆರೆಸತೊಡಗಿದರು. 1937ರಲ್ಲಿ ಹಿಂಡಿನ ಬಾಗಿಲು ಮುಚ್ಚಿದರು. ಅಂದರೆ ಅಲ್ಲಿಂದಾಚೆ ಹೊರಗಿನ ಒಂದು ಹೋರಿಯೂ ಒಳಗೆ ಬರಲಿಲ್ಲ. ಅಂದಾಜಿನ ಪ್ರಕಾರ ಹಿಂಡಿನಲ್ಲಿ ಅರ್ಧಕ್ಕೆ ಸ್ವಲ್ಪ ಕಡಿಮೆ ಬ್ರಾಹ್ಮನ್ ರಕ್ತ, ಉಳಿದ ಎರಡು ತಳಿಗಳದ್ದು ತಲಾ ಕಾಲುಭಾಗಕ್ಕಿಂತ ಸ್ವಲ್ಪ ಜಾಸ್ತಿ. ಅಂದಾಜು ಅಂತ ಯಾಕೆ ಹೇಳಬೇಕು ಅಂದರೆ, ಒಂದೇ ಗೋಮಾಳದಲ್ಲಿ ಹಲವು ಹೋರಿ ಬಿಡುತ್ತಿದ್ದರು. ಯಾವ ಕರು ಯಾವ ಹೋರಿಯದ್ದು ಎಂಬ ಲೆಕ್ಕವೇ ಇರಲಿಲ್ಲ. ಪೆಡಿಗ್ರಿ (ವಂಶಾವಳಿ) ಪುಸ್ತಕ ಇಟ್ಟು ಪೂಜೆ ಮಾಡುವ ತಳಿ ಸಂಘಗಳಿಗೆ ಇದು ನುಂಗಲಾರದ ತುತ್ತು.

ಆರು ಗುಣ, ಅಷ್ಟೇ

ಲ್ಯಾಸಟರ್ ಆರಿಸುತ್ತಿದ್ದದ್ದು ಆರೇ ಗುಣಗಳಿಗೆ: ಸಾಧು ಸ್ವಭಾವ, ಗಬ್ಬ ಕಟ್ಟುವ ಶಕ್ತಿ, ತೂಕ, ಮೈಕಟ್ಟು, ಗಟ್ಟಿತನ, ಹಾಲು. ಏಳನೆಯದಕ್ಕೆ ಜಾಗ ಇರಲಿಲ್ಲ. ಬಣ್ಣ ಲೆಕ್ಕಕ್ಕಿಲ್ಲ. ಕೊಂಬು ಇರಲಿ, ಬಿಡಲಿ. ಹಾಗಾಗಿ ಅವರ ಹಿಂಡಿನಲ್ಲಿ ಕೆಂಪು, ಕಂದು, ಚುಕ್ಕೆ, ಬಿಳಿ ಮಚ್ಚೆ ಎಲ್ಲ ಬಗೆಯೂ ಇತ್ತು.

ಇದರ ಹಿಂದಿನ ತರ್ಕ ಸರಳ. ಆರಿಸಬೇಕಾದ ಗುಣಗಳ ಪಟ್ಟಿ ಉದ್ದವಾದಷ್ಟೂ ಒಂದೊಂದು ಗುಣದಲ್ಲಿ ಆಗುವ ಪ್ರಗತಿ ಕಡಿಮೆಯಾಗುತ್ತದೆ. ಕೆಂಪು ಬಣ್ಣ ಬೇಕೇ ಬೇಕು ಅಂತ ಹಟ ಹಿಡಿದರೆ, ಚೆನ್ನಾಗಿ ಕರು ಸಾಕುವ ಚುಕ್ಕೆ ಹಸುವನ್ನು ಸುಮ್ನೆ ಕಳೆದುಕೊಳ್ಳಬೇಕಾಗುತ್ತದೆ.

ಪ್ರದರ್ಶನದ ಹುಚ್ಚು ಏನು ಮಾಡುತ್ತದೆ ಎಂಬುದಕ್ಕೆ ಅದೇ ಕಾಲದ ಅಮೆರಿಕ ಸಾಕ್ಷಿ. 1940 ಮತ್ತು 50ರ ದಶಕಗಳಲ್ಲಿ ಅಲ್ಲಿ ಗಿಡ್ಡ, ದುಂಡನೆ ದನಕ್ಕೆ ಬಹುಮಾನ. ಕೆಲವು ಹೋರಿಗಳು ಮನುಷ್ಯನ ಸೊಂಟದ ಎತ್ತರಕ್ಕೇ ನಿಂತವು. ಅದರ ಜೊತೆಗೇ ಹೆರ್‌ಫರ್ಡ್ ಮತ್ತು ಆಂಗಸ್ ತಳಿಗಳಲ್ಲಿ ಕುಬ್ಜ ಕರುಗಳು ಹುಟ್ಟತೊಡಗಿದವು. ಒಳಗೆ ಅಡಗಿದ್ದ ಕುಬ್ಜತನದ ಜೀನನ್ನು, ಗಿಡ್ಡ ದನವನ್ನೇ ಆರಿಸುತ್ತಾ ಆರಿಸುತ್ತಾ ಹರಡಿಬಿಟ್ಟಿದ್ದರು. ಆಮೇಲೆ 1970–80ರ ದಶಕಗಳಲ್ಲಿ ಗಾಳಿ ತಿರುಗಿತು. ಆಗ ಎತ್ತರದ, ಉದ್ದ ಕಾಲಿನ ದನಕ್ಕೆ ಬಹುಮಾನ. ಅಂಥ ಹಸು ದೊಡ್ಡದು ನಿಜ. ಆದರೆ ಬಯಲಲ್ಲಿ ಅದರ ಹೊಟ್ಟೆ ತುಂಬಲಿಲ್ಲ. ಹಸು ದಿನಕ್ಕೆ ತನ್ನ ತೂಕದ ಶೇ. 2ರಿಂದ 2.5ರಷ್ಟು ಮೇವು (ನೀರಿನಂಶ ಕಳೆದ ಲೆಕ್ಕದಲ್ಲಿ) ತಿನ್ನಬೇಕು. 450 ಕೆ.ಜಿ. ಹಸು ನೆಮ್ಮದಿಯಾಗಿ ಮೇಯುವ ಜಾಗದಲ್ಲಿ 650 ಕೆ.ಜಿ. ಹಸು ಬಡಕಲಾಗುತ್ತದೆ. ಬಡಕಲಾದ ಹಸು ಬೆದೆಗೆ ಬರುವುದಿಲ್ಲ. ಮಾಂಸದ ದನ ಸಾಕಣೆಯಲ್ಲಿ ಮೇವಿನ ದೊಡ್ಡ ಪಾಲು ಹೋಗುವುದು ತಾಯಿ ಹಸು ತನ್ನ ದೇಹ ಉಳಿಸಿಕೊಳ್ಳುವುದಕ್ಕೇ ಎಂಬುದನ್ನು ಮರೆತವರು ಕೈಸುಟ್ಟುಕೊಂಡರು.

ಲ್ಯಾಸಟರ್ ಹಿಂಡು ಈ ಎರಡೂ ಗಾಳಿಗೆ ಸಿಕ್ಕಲಿಲ್ಲ. ಅವರು ಎತ್ತರವನ್ನೂ ಆರಿಸಲಿಲ್ಲ, ಗಿಡ್ಡವನ್ನೂ ಆರಿಸಲಿಲ್ಲ. ಹುಲ್ಲಿಗೆ ಎಷ್ಟು ದೊಡ್ಡ ಹಸು ತಾಳುತ್ತದೋ ಅಷ್ಟು ದೊಡ್ಡದು ಉಳಿಯಿತು.

65 ದಿನದ ಜರಡಿ

ಈ ಪದ್ಧತಿಯ ಜೀವ ಇರುವುದು ಕ್ಯಾಲೆಂಡರಿನಲ್ಲಿ. ಹೋರಿಗಳನ್ನು ಹಸುಗಳ ಜೊತೆ ಬಿಡುವುದು ವರ್ಷಕ್ಕೆ ಸುಮಾರು 65 ದಿನ ಮಾತ್ರ. ಆ ಅವಧಿಯಲ್ಲಿ ಗಬ್ಬ ಕಟ್ಟದ ಹಸುವಿಗೆ ಮುಂದಿನ ವರ್ಷ ಜಾಗ ಇಲ್ಲ. ಕಡಸುಗಳನ್ನೂ ಒಂದು ವರ್ಷ ತುಂಬಿದ ಮೇಲೆ, ಇನ್ನೂ ಎಳೆಯವಾಗಿರುವಾಗಲೇ ಹೋರಿಯ ಜೊತೆ ಬಿಡುತ್ತಾರೆ. ಎರಡು ವರ್ಷಕ್ಕೆ ಮೊದಲ ಕರು ಹಾಕಬೇಕು. ಅಲ್ಲಿಂದ ಪ್ರತಿ ವರ್ಷ ಒಂದು. ಕರು ಹಾಕಿದರೆ ಸಾಲದು, ಹಾಲು ಬಿಡಿಸುವ ತನಕ ಅದನ್ನು ಬದುಕಿಸಿ ಬೆಳೆಸಬೇಕು.

ಇದು ಎಷ್ಟು ಬಿಗಿಯಾದ ಜರಡಿ ಅಂತ ತಿಳಿಯಲು ಒಂದು ಲೆಕ್ಕ ಹಾಕೋಣ. ಉದಾಹರಣೆಗೆ ಹೋರಿಗಳನ್ನು ಜೂನ್ 1ಕ್ಕೆ ಬಿಟ್ಟು ಆಗಸ್ಟ್ 4ಕ್ಕೆ ವಾಪಸ್ ತೆಗೆದುಕೊಂಡರು ಅಂದುಕೊಳ್ಳಿ. ಗಬ್ಬದ ಅವಧಿ ಸುಮಾರು 283 ದಿನ. ಮೊದಲ ದಿನವೇ ಕಟ್ಟಿದ ಹಸು ಮಾರ್ಚ್ 11ಕ್ಕೆ ಕರು ಹಾಕುತ್ತದೆ. ಕೊನೆಯ ದಿನ ಕಟ್ಟಿದ್ದು ಮೇ 14ಕ್ಕೆ.

ಮಾರ್ಚ್ ಹಸುವಿಗೆ ಹೋರಿ ಬರುವ ಮುಂಚೆಯೇ 82 ದಿನ ಬಿಡುವು ಸಿಗುತ್ತದೆ. ಗರ್ಭಕೋಶ ಸುಧಾರಿಸಿಕೊಳ್ಳುತ್ತದೆ. ಹೊಸ ಹುಲ್ಲು ಚಿಗುರಿರುತ್ತದೆ. ಜೂನಿನಲ್ಲೇ ಬೆದೆಗೆ ಬಂದು ಮತ್ತೆ ಮೊದಲ ಸಾಲಿನಲ್ಲೇ ಗಬ್ಬ ಕಟ್ಟುತ್ತದೆ. ಮೇ ಹಸುವಿನ ಕಥೆ ಬೇರೆ. ಕರು ಹಾಕಿದ ಮೇಲೆ ಬೆದೆಗೆ ಬರಲು ಎರಡು ತಿಂಗಳು ಹಿಡಿದರೆ ಜುಲೈ 13 ಆಯಿತು. ಆಗ ನಿಲ್ಲದಿದ್ದರೆ 21 ದಿನ ಬಿಟ್ಟು ಆಗಸ್ಟ್ 3ಕ್ಕೆ ಇನ್ನೊಂದೇ ಅವಕಾಶ. ಮರುದಿನ ಹೋರಿ ಹೊರಡುತ್ತದೆ. ಇನ್ನು ಚೊಚ್ಚಲ ಹಸು ಬೆದೆಗೆ ಬರಲು ಎರಡು ತಿಂಗಳಿಗಿಂತ ಜಾಸ್ತಿಯೇ ಬೇಕು. ತನ್ನ ಮೈಯೂ ಬೆಳೆಯಬೇಕು, ಕರುವಿಗೆ ಹಾಲೂ ಕೊಡಬೇಕು, ಹಲ್ಲು ಬೇರೆ ಬದಲಾಗುತ್ತಿರುತ್ತದೆ. ತಡವಾಗಿ ಈದ ಚೊಚ್ಚಲ ಹಸು ಎರಡನೇ ಸಲಕ್ಕೆ ಜಾರಿಬೀಳುವುದು ಬಹುತೇಕ ಖಂಡಿತ. ಈ ರೀತಿಯ ಹಿಂಡಿನಲ್ಲಿ ಅತಿ ಹೆಚ್ಚು ಹಸುಗಳು ಹೊರಬೀಳುವುದೂ ಇದೇ ಹಂತದಲ್ಲಿ.

ಕರುವಿನ ತೂಕದಲ್ಲೂ ಇದು ಕಾಣುತ್ತದೆ. ಎರಡೂ ಕರುಗಳಿಗೆ ಒಂದೇ ದಿನ ಹಾಲು ಬಿಡಿಸಿದರೆ ವಯಸ್ಸಿನ ಅಂತರ 64 ದಿನ. ತಾಯಿ ಹಾಲು ಕುಡಿಯುವ ಕರು ದಿನಕ್ಕೆ ಸುಮಾರು 900 ಗ್ರಾಂ ತೂಕ ಏರಿದರೂ 57 ಕೆ.ಜಿ. ವ್ಯತ್ಯಾಸ ಬರುತ್ತದೆ. ಅಂದರೆ ಗಬ್ಬ ಕಟ್ಟುವ ಗುಣವೂ ತೂಕದ ಗುಣವೂ ಬೇರೆ ಬೇರೆ ಅಲ್ಲ. ಬೇಗ ಕಟ್ಟುವ ಹಸುವಿನ ಕರು ತಾನಾಗಿ ಭಾರ ಇರುತ್ತದೆ.

ಹಾಲಿನ ವಿಷಯದಲ್ಲೂ ಇದೇ ಜರಡಿ ಎರಡು ಕಡೆಯಿಂದ ಸೋಸುತ್ತದೆ. ಹಾಲು ಕಮ್ಮಿಯಾದರೆ ಕರು ಬಡಕಲು, ತೂಕದಲ್ಲಿ ಸೋಲುತ್ತದೆ. ತೀರಾ ಜಾಸ್ತಿಯಾದರೆ? ಹಸು ತನ್ನ ಮೈಕೊಬ್ಬನ್ನೆಲ್ಲ ಕೆಚ್ಚಲಿಗೆ ಇಳಿಸುತ್ತದೆ. ಒಣ ವರ್ಷದಲ್ಲಿ ಪಕ್ಕೆಲುಬು ಎದ್ದು, ಬಾಲದ ಬುಡ ಗುಳಿ ಬಿದ್ದು, ಹೋರಿ ಬಂದಾಗ ಬೆದೆಯೇ ಇಲ್ಲ. ಕೊಟ್ಟಿಗೆಯಲ್ಲಿ ಹಿಂಡಿ, ಬೂಸಾ ಇಟ್ಟು ಸಾಕುವವರಿಗೆ ಹಾಲು ಜಾಸ್ತಿಯಾದರೆ ಲಾಭ. ಬರೀ ಹುಲ್ಲಿನ ಮೇಲೆ ಅದೇ ಹಾಲು ಹಸುವಿಗೆ ಮುಳುವು. ಎಷ್ಟು ಹಾಲು ಸರಿ ಅಂತ ಲ್ಯಾಸಟರ್ ಅಳೆಯಬೇಕಾಗಿರಲಿಲ್ಲ, ಹುಲ್ಲೇ ಅಳೆಯುತ್ತಿತ್ತು.

ಕೆಚ್ಚಲ ಆಕಾರ ಕೂಡ ಹೀಗೇ ಸರಿಹೋಗುವುದು. ಹಿಣಿಲಿನ ದನದ ಬೆರಕೆಯಲ್ಲಿ ಕೆಲವಕ್ಕೆ ಮೊಲೆತೊಟ್ಟು ಬಾಟಲಿಯಂತೆ ದಪ್ಪ. ಆಗಷ್ಟೇ ಹುಟ್ಟಿದ ಕರುವಿನ ಬಾಯಿಗೆ ಹಿಡಿಯುವುದಿಲ್ಲ. ಬೇರೆಯವರಾದರೆ ಹಸು ಕಟ್ಟಿಹಾಕಿ, ಹಾಲು ಕರೆದು, ಕರುವಿಗೆ ಕುಡಿಸುತ್ತಾರೆ. ಆ ಕರು ಬದುಕಿ, ನಾಳೆ ಅದೇ ದಪ್ಪ ತೊಟ್ಟಿನ ಹಸುವಾಗುತ್ತದೆ. ಇಲ್ಲಿ ಹಾಗೆ ಕುಡಿಸುವವರು ಇಲ್ಲ. ಹೆರಿಗೆಗೆ ಕೈ ಹಾಕಿ ಎಳೆಯುವವರೂ ಇಲ್ಲ. ಕಠೋರ ಅನ್ನಿಸುತ್ತದೆ, ಅಲ್ವಾ? ನನಗೂ ಇದು ಪೂರ್ತಿ ಒಪ್ಪಿಗೆಯಿಲ್ಲ. ಕಣ್ಣೆದುರು ಕಷ್ಟಪಡುವ ಹಸುವಿಗೆ ಸಹಾಯ ಮಾಡಿ, ಆಮೇಲೆ ಅದನ್ನೂ ಅದರ ಕರುವನ್ನೂ ತಳಿಯ ಹಿಂಡಿನಿಂದ ತೆಗೆದರೆ ಫಲ ಒಂದೇ. ಅದಕ್ಕೆ ಬೇಕಾದದ್ದು ಕಿವಿಗೊಂದು ಗುರುತಿನ ಓಲೆ ಮತ್ತು ಒಂದು ನೋಟ್‌ಬುಕ್.

ಹಿಮದ ಪರೀಕ್ಷೆ

1949ರ ಸುಮಾರಿಗೆ ಲ್ಯಾಸಟರ್ ಕುಟುಂಬ ಹಿಂಡನ್ನು ಕೊಲರಾಡೊದ ಮ್ಯಾಥಿಸನ್ ಊರಿಗೆ ಸಾಗಿಸಿತು. ಸುಮಾರು 1,750 ಮೀಟರ್ ಎತ್ತರದ ಬಯಲು. ವರ್ಷಕ್ಕೆ 400 ಮಿ.ಮೀ. ಮಳೆ ಬಂದರೆ ಪುಣ್ಯ. ನಮ್ಮ ಚಳ್ಳಕೆರೆ ಸೀಮೆಯ ಕಾವಲು ನೋಡಿದವರಿಗೆ ಅಂಥ ಒಣ ಬಯಲು ಹೊಸದೇನಲ್ಲ. ಹೊಸದು ಅಂದರೆ ಚಳಿ. ಚಳಿಗಾಲದಲ್ಲಿ ಸೊನ್ನೆಗಿಂತ ಇಪ್ಪತ್ತು ಡಿಗ್ರಿ ಕೆಳಗೆ ಇಳಿಯುವುದುಂಟು, ಹಿಮಗಾಳಿ ಬೇರೆ. ಬಿಸಿಲಿಗೆಂದು ಬ್ರಾಹ್ಮನ್ ರಕ್ತ ಬೆರೆಸಿದ ಹಿಂಡು ಇಲ್ಲಿ ಉಳಿಯುತ್ತದಾ ಎಂಬ ಅನುಮಾನ ಸಹಜ.

ಉಳಿಯಿತು. ಆದರೆ ಇದನ್ನು ಪವಾಡ ಅನ್ನಬೇಕಿಲ್ಲ. ಅಲ್ಲಿನ ಬಯಲಲ್ಲಿ ಬೆಳೆಯುವುದು ಬ್ಲೂ ಗ್ರಾಮ, ಬಫಲೋ ಗ್ರಾಸ್ ಎಂಬ ಗಿಡ್ಡ ಹುಲ್ಲುಗಳು. ಇವು ನಿಂತಲ್ಲೇ ಒಣಗಿದರೂ ಸತ್ವ ಸಾಕಷ್ಟು ಉಳಿಸಿಕೊಳ್ಳುತ್ತವೆ. ಚಳಿಗಾಲಕ್ಕೆ ಕೊಯ್ದು ಒಟ್ಟುವ ಕೆಲಸ ಎಷ್ಟೋ ತಪ್ಪುತ್ತದೆ. ಜೊತೆಗೆ, ಅದೇ ಜರಡಿ ಇಲ್ಲೂ ನಡೆಯಿತು. ಚಳಿ ತಡೆಯದ ಹಸು ವಸಂತಕ್ಕೆ ಬಡಕಲು, ಬೇಸಿಗೆಗೆ ಗೊಡ್ಡು, ಮುಂದೆ ಮಾರಾಟ. ಹೊಸ ಊರಿಗೆ ಹೊಸ ನಿಯಮ ಬೇಕಾಗಲಿಲ್ಲ.

1954ರಲ್ಲಿ ಅಮೆರಿಕದ ಕೃಷಿ ಇಲಾಖೆ ಬೀಫ್‌ಮಾಸ್ಟರನ್ನು ಪ್ರತ್ಯೇಕ ತಳಿ ಅಂತ ಒಪ್ಪಿತು. 1961ರಲ್ಲಿ ತಳಿಗಾರರ ಸಂಘ ಹುಟ್ಟಿತು. ಟಾಮ್ ಲ್ಯಾಸಟರ್ 2001ರಲ್ಲಿ ತೀರಿಕೊಂಡರು. ಇನ್ನೊಂದು ಸಂಗತಿ: ಮ್ಯಾಥಿಸನ್ ರಾಂಚಿನಲ್ಲಿ ಕಯೋಟಿ (ನರಿಯಂಥ ಪ್ರಾಣಿ), ಪ್ರೇರಿ ನಾಯಿ (ಹೆಸರಿಗೆ ನಾಯಿ, ಬಿಲ ತೋಡುವ ಅಳಿಲಿನ ಜಾತಿ) ಮುಂತಾದ ಕಾಡುಪ್ರಾಣಿಗಳನ್ನು ಕೊಲ್ಲುವುದನ್ನೂ ನಿಲ್ಲಿಸಿದರು. ಅಕ್ಕಪಕ್ಕದ ದನಗಾರರು ವಿಷ ಇಡುತ್ತಿದ್ದ ಕಾಲ ಅದು.

ತಕರಾರುಗಳು

ಮೊದಲನೆಯದು, ಫಲ ಪೂರ್ತಿ ಆಯ್ಕೆಯಿಂದಲೇ ಬಂತಾ? ಇಲ್ಲ. ದೂರದ ತಳಿಗಳನ್ನು ಬೆರೆಸಿದಾಗ ಮಿಶ್ರತಳಿಯ ಹುರುಪು ಬರುತ್ತದೆ, ಅಂದರೆ ಕರು ತಂದೆತಾಯಿಯ ತಳಿಗಳ ಸರಾಸರಿಗಿಂತ ಗಟ್ಟಿಯಾಗಿರುತ್ತದೆ. ಹಿಣಿಲಿನ ದನಕ್ಕೂ ಇಂಗ್ಲೆಂಡಿನ ದನಕ್ಕೂ ನಡುವೆ ಅದು ವಿಶೇಷವಾಗಿ ಜೋರು. ಗಬ್ಬ ಕಟ್ಟುವುದು, ಕರು ಬದುಕುವುದು ಮುಂತಾದ ಗುಣಗಳಲ್ಲೇ ಅದರ ಪ್ರಭಾವ ಹೆಚ್ಚು. ಅರ್ಧ, ಕಾಲು, ಕಾಲು ಪಾಲಿನಲ್ಲಿ ಮೂರು ತಳಿ ಸೇರಿಸಿ ಹಿಂಡು ಮುಚ್ಚಿದರೆ ಮೊದಲ ಬೆರಕೆಯ ಹುರುಪಿನಲ್ಲಿ ಶೇ. 62ರಷ್ಟು ಉಳಿಯುತ್ತದೆ ಎಂಬುದು ಸರಳ ಲೆಕ್ಕ. ಲ್ಯಾಸಟರ್ ಓಡಿದ್ದು ಚೆನ್ನಾಗಿಯೇ, ಆದರೆ ಗೆರೆಗಿಂತ ನಾಲ್ಕು ಹೆಜ್ಜೆ ಮುಂದಿನಿಂದ.

ಎರಡನೆಯದು, ತಾಯಿಯಂತೆ ಮಗಳು ಎಂಬ ಗಾದೆ ಈ ಗುಣದಲ್ಲಿ ಅಷ್ಟಾಗಿ ನಡೆಯುವುದಿಲ್ಲ. ಗಬ್ಬ ಕಟ್ಟುವ ಗುಣದ ವಂಶವಾಹಿತೆ ಶೇ. 10ರ ಆಸುಪಾಸು. ಉಳಿದದ್ದು ಮೇವು, ಹವೆ, ಅದೃಷ್ಟ. ಹಾಗಾದರೆ ಗೊಡ್ಡು ಹಸು ಮಾರುವುದು ವ್ಯರ್ಥವಾ? ಅಲ್ಲ. ಆ ವರ್ಷ ಕರು ಕೊಡದ ಬಾಯಿಗೆ ಹುಲ್ಲು ಹಾಕುವ ಖರ್ಚಂತೂ ಉಳಿಯಿತು. ತಳಿಯ ಸುಧಾರಣೆ ನಿಧಾನ. ಲ್ಯಾಸಟರ್ ಅವರಂತೆ ಹತ್ತಾರು ವರ್ಷ ನಿಯಮ ಸಡಿಲಿಸದವರಿಗೆ ಮಾತ್ರ ಅದು ಕಾಣುತ್ತದೆ. ಒಂದು ಬರದ ವರ್ಷ ಬಂದಾಗ "ಪಾಪ, ಇದೊಂದು ಸಲ" ಅಂತ ಬಿಟ್ಟರೆ ಜರಡಿಯಲ್ಲಿ ತೂತು ಬಿದ್ದಂತೆ. ಬರದ ವರ್ಷವೇ ಅಲ್ವಾ ಯಾವ ಹಸು ಹುಲ್ಲಿಗೆ ಒಗ್ಗಿದೆ ಅಂತ ತೋರಿಸುವುದು?

ಮೂರನೆಯದು ಮಾರುಕಟ್ಟೆ. ಬಣ್ಣಕ್ಕೆ ಬೆಲೆ ಇಲ್ಲ ಎಂಬುದು ರಾಂಚಿನ ಒಳಗಿನ ಮಾತು. ಹೊರಗೆ ಅಮೆರಿಕದ ವ್ಯಾಪಾರಿಗಳು ಒಂದೇ ಬಣ್ಣದ ಕಪ್ಪು ಕರುಗಳಿಗೆ ಹೆಚ್ಚು ಕೊಡುತ್ತಾರೆ. ಬ್ರಾಹ್ಮನ್ ರಕ್ತದ ಮಾಂಸ ಸ್ವಲ್ಪ ಗಡಸು ಅಂತ ಬೆಲೆ ಇಳಿಸುತ್ತಾರೆ. ಲ್ಯಾಸಟರ್ ಅವರ ಆರು ಗುಣಗಳಲ್ಲಿ ಮಾಂಸದ ಮೃದುತ್ವ ಇರಲಿಲ್ಲ. ಹಾಲು, ಗಬ್ಬ, ಗಟ್ಟಿತನ ಎಲ್ಲವನ್ನೂ ಹುಲ್ಲು ತಾನೇ ಆರಿಸಿಕೊಡುತ್ತದೆ. ತಟ್ಟೆಯ ಮೇಲಿನ ರುಚಿಯನ್ನು ಹುಲ್ಲು ಆರಿಸಿಕೊಡುವುದಿಲ್ಲ. ಅದಕ್ಕೆ ಬೇರೆಯೇ ಅಳತೆ ಬೇಕಿತ್ತು ಅನ್ನುವುದು ನನ್ನ ಅಭಿಪ್ರಾಯ. ಹೋರಿಗಳ ಜೋತುಬಿದ್ದ ಶಿಶ್ನಚರ್ಮವೂ ಹಾಗೇ. ಮುಳ್ಳುಪೊದೆಯಲ್ಲಿ ಅದು ಗಾಯವಾಗುತ್ತದೆ ಅಂತ ಬೀಫ್‌ಮಾಸ್ಟರ್ ತಳಿಗಾರರು ಕಣ್ಣಿಟ್ಟು ನೋಡಿ ಆರಿಸಬೇಕಾಯಿತು.

ನಮ್ಮಲ್ಲಿ ಯಾವುದಕ್ಕೆ ಹೊಂದುತ್ತದೆ

ದನಕ್ಕಂತೂ ಹೊಂದುವುದಿಲ್ಲ. ಈ ಪದ್ಧತಿಯ ಎಂಜಿನ್ ಗೊಡ್ಡು ಹಸುವಿನ ಮಾರಾಟ. ಹೊರಗೆ ಹೋದ ಹಸುವಿಗೂ ಒಳ್ಳೆಯ ಮಾಂಸದ ಬೆಲೆ ಸಿಕ್ಕಿದ್ದರಿಂದಲೇ ಲ್ಯಾಸಟರ್ ಅಷ್ಟು ಕಟ್ಟುನಿಟ್ಟಾಗಿರಲು ಆಯಿತು. ಕರ್ನಾಟಕದಲ್ಲಿ 2020ರ ಕಾಯ್ದೆ ಬಂದ ಮೇಲೆ ಹಸು, ಕರು, ಹೋರಿ, ಎತ್ತು ಯಾವುದನ್ನೂ ವಧೆಗೆ ಮಾರುವಂತಿಲ್ಲ. 13 ವರ್ಷ ದಾಟಿದ ಎಮ್ಮೆ ಕೋಣಕ್ಕೆ ಮಾತ್ರ ವಿನಾಯಿತಿ. ಕಾಯ್ದೆಯ ಬಗ್ಗೆ ಯಾರ ಅಭಿಪ್ರಾಯ ಏನೇ ಇರಲಿ, ಈ ಜರಡಿ ಅಲ್ಲಿ ನಡೆಯುವುದಿಲ್ಲ.

ನಡೆಯುವುದು ಕುರಿಯಲ್ಲಿ. ನಮ್ಮ ಡೆಕ್ಕನಿ, ಬಳ್ಳಾರಿ ಕುರಿಗಳು ಮುಖ್ಯವಾಗಿ ಮಾಂಸಕ್ಕೆ ಸಾಕುವವು, ಹುಲ್ಲು ಕೂಳೆ ಮೇಯ್ದೇ ಬದುಕುವವು, ಹೊರಹಾಕಿದ ಕುರಿಗೂ ಸಂತೆಯಲ್ಲಿ ಗಿರಾಕಿ ಇರುತ್ತಾನೆ. ಗಬ್ಬ ಸುಮಾರು 150 ದಿನ. ಲೆಕ್ಕ ದನಕ್ಕಿಂತ ಸಲೀಸು.

ಆದರೆ ನಮ್ಮ ಎಷ್ಟೋ ಮಂದೆಗಳಲ್ಲಿ ಆಯ್ಕೆ ಉಲ್ಟಾ ನಡೆಯುತ್ತದೆ. ಬೇಗ ಹುಟ್ಟಿ, ಬೇಗ ಬೆಳೆದ ಟಗರುಮರಿಗೆ ವ್ಯಾಪಾರಿ ಮೊದಲು ಬರುತ್ತಾನೆ. ಬಕ್ರೀದ್ ಹತ್ತಿರವಿದ್ದರೆ ಇನ್ನೂ ಬೇಗ. ಕುರಿಗಾರರಿಗೆ ದುಡ್ಡಿನ ಅಡಚಣೆ, ಕೊಟ್ಟುಬಿಡುತ್ತಾರೆ. ಮಂದೆಯಲ್ಲಿ ಉಳಿದು ಮುಂದೆ ಬೀಜದ ಟಗರಾಗುವುದು ಯಾರೂ ಕೊಳ್ಳದ ತಡವಾದ ಮರಿ. ಇದನ್ನು ತಡೆಯಲು ದೊಡ್ಡ ರಾಂಚ್ ಬೇಡ. ಮರಿ ಹಾಕುವ ಕಾಲದ ಮೊದಲ ಎರಡು ವಾರದಲ್ಲಿ ಹುಟ್ಟಿದ ಗಂಡುಮರಿಗಳಿಗೆ ಕಿವಿಯೋಲೆ ಹಾಕಬೇಕು. ಅವುಗಳಲ್ಲಿ ಹಿಂದಿನ ವರ್ಷವೂ ಮರಿ ಉಳಿಸಿಕೊಂಡ ಕುರಿಯ ಮರಿಗಳು ಯಾವುವು ಅಂತ ಗುರುತು ಹಾಕಿಕೊಳ್ಳಬೇಕು. ಐವತ್ತು ಕುರಿಗೆ ಅಂಥ ಮೂರು ಮರಿ ಸಾಕು. ವ್ಯಾಪಾರಿ ಬರುವ ಮುಂಚೆ ಆ ಮೂರನ್ನು ಬೇರೆ ಮಾಡಿ ಇಡಬೇಕು. ಬೆಳೆದ ಮೇಲೆ ಮೂರರಲ್ಲಿ ಎರಡನ್ನು ಉಳಿಸಿಕೊಂಡು ಮೂರನೆಯದನ್ನು ಮಾರಿದರೆ, ತಡೆದು ಮಾರಿದ್ದಕ್ಕೆ ತೂಕವೂ ಜಾಸ್ತಿ ಬಂದಿರುತ್ತದೆ. ಎರಡು ವರ್ಷಕ್ಕೊಮ್ಮೆ ಆ ಟಗರುಗಳನ್ನು ದೂರದ ಊರಿನ ಇನ್ನೊಂದು ಮಂದೆಯ ಜೊತೆ ಅದಲುಬದಲು ಮಾಡಿಕೊಳ್ಳಬೇಕು. ಸಣ್ಣ ಮಂದೆಯಲ್ಲಿ ಲ್ಯಾಸಟರ್ ಅವರಂತೆ ಬಾಗಿಲು ಮುಚ್ಚಿಕೊಂಡರೆ ಅಪ್ಪ-ಮಗಳ ಕೂಡಿಕೆಯಾಗಿ ಮರಿಗಳು ಸೊರಗುತ್ತವೆ.